ಎರಡ ಬೆರಳ ನೀರು

ಮತ್ತ ಬಂತು ನೋಡು ನಿನ್ನ ಗಾಡಿ, ಚಂಬಣ್ಣ,
ಗಬ್ಬೂರ ಬೈಪಾಸಿನ ಈ ತಗಡಿನ ಶೆಡ್ಡಿಗೆ,
ನಾಕನೇ ಸಲ.
ಬ್ಯಾಡಗಿ ಮೆಣಸಿನಕಾಯಿ ಇಳಿಸಿ ಬಂದ್ರೂ
ಘಾಟು ಇಳಿದಿಲ್ಲ. ಹುಡುಗ ಮೈಲಾರಿ
ಸೀನಕೋತನ ಬಾನೆಟ್ ಎತ್ತಿದ.

ನೀ ಅಂದಿ: "ಓಡೂವಾಗ ಏನೂ ಇಲ್ಲ.
ಮುಂಜಾನೆ ಮುಚ್ಚಳಾ ತಗದ್ರ
ರೇಡಿಯೇಟರಿನ್ಯಾಗ ಎರಡ ಬೆರಳ ನೀರು ಕಡಿಮಿ."
ಎರಡ ಬೆರಳು.
ಹೋಗೂದೆಲ್ಲಿಗೆ ಅದು?

ಮೊದಲನೇ ಸಲ ಮ್ಯಾಲಿನ ಹೋಸ್ ಪೈಪ ಬದಲಿ ಮಾಡಿದೆ,
ಹಿಂಡಿದ್ರ ಕಟಕ ರೊಟ್ಟಿಹಂಗ ಮುರೀತಿತ್ತು.
ಎರಡನೇ ಸಲ ವಾಟರ್ ಪಂಪಿನ ಸೀಲು.
ಪಂಪಿನ ಹೊಟ್ಟಿ ಕೆಳಗಿನ ಸಣ್ಣ ತೂತಿಗೆ ಕೆಂಪ ಹಕ್ಕಳಿ,
ಸಿಕ್ಕಬಿಟ್ಟಿ ಮಗನ ಅಂತ ಮೀಸಿ ತಿರುವಿದೆ.
ಮೂರನೇ ಸಲ ರೇಡಿಯೇಟರ್ ಬಿಚ್ಚಿ
ಹಳೇ ಹುಬ್ಬಳ್ಳಿಯ ಬೆಸಗಿಯವನ ಕಡೆ ಕಳಿಸಿದೆ.
ಆತ ಒಳಗಿಂದ ತಗದದ್ದು
ಒಂದ ಬೊಗಸಿ ಹಳದಿ ಕೆಸರು.
ಅರಿಷಿಣ, ಚಂಬಣ್ಣ!
ಬಂಕಾಪುರದ ಹತ್ರ ಯಾವನೋ ಹೇಳಿದ ಅಂತ
ಪಾವ ಕಿಲೋ ಕೊಂಡು ಸುರುವಿದ್ದಿ.
ಎಂಜಿನ್ನಿಗೇನು ಸುರಗಿ ಸುತ್ತಾಕ ಹೊಂಟಿದ್ದೇನು?

ನಾ ನಕ್ಕೆ. ನೀನೂ ನಕ್ಕಿ. ರೊಕ್ಕಾ ಎಣಿಸಿ ಕೊಟ್ಟಿ.
ಶಿಗ್ಗಾಂವಿ ಢಾಬಾದಾಗ ಮಲಗಿ ಎದ್ರ
ಮತ್ತ ಎರಡ ಬೆರಳು.

ಈ ಸಲ ನಾ ಪಾನಾ ಮುಟ್ಟಲಿಲ್ಲ.
ಎಣ್ಣಿ ಕಡ್ಡಿ ಎಳದು ನೋಡಿದೆ: ಕರ್ರಗ, ಹಾಲು ಕೂಡಿಲ್ಲ.
ಹೊಗಿ ನೋಡಿದೆ: ಹಬಿ ಇಲ್ಲ.
ಚಾಲೂ ಇಟ್ಟು ಬಾಯಾಗ ಇಣಿಕಿದೆ: ಗುಳ್ಳಿ ಏಳಲಿಲ್ಲ.
ಹಂಗಂದ್ರ ಹೆಡ್ಡು ಛಲೋ ಐತಿ, ಗ್ಯಾಸ್ಕೆಟ್ ನಿರಪರಾಧಿ.
ನೀರು ಹೊರಗs ಹೊಂಟೈತಿ,
ನಾವು ನೋಡದ ಹೊತ್ತಿನ್ಯಾಗ.

ನಿನ್ನ ಊಟಕ್ಕ ಕಳಿಸಿ
ಹಳೇ ಪೇಪರು ಹಾಸಿದೆ ಗಾಡಿ ಕೆಳಗ,
ಬಂಪರಿನಿಂದ ಗೇರ್‌ಬಾಕ್ಸಿನತನ,
ಬಾಜೂಕ ಗೋಣಿಚೀಲ ಒಗದು ನಾನೂ ಮಲಗಿದೆ.
ಕಾದ ಕಬ್ಬಿಣ ಆರೂವಾಗ ಮಾತಾಡತೈತಿ.
ಟಕ್. ಟಿಣ್.
ಬಿಸಿ ಇದ್ದಾಗ ಹಿಗ್ಗಿ ತನ್ನ ಬಿರುಕು ತಾನs ಮುಚ್ಚಕೋತೈತಿ,
ತಣ್ಣಗಾದಂಗ ಕುಗ್ಗತೈತಿ, ಮೈ ಬಿಡತೈತಿ.
ಮೂರೂವರಿ ಆಗಿರಬೇಕು,
ಪುಣೆ ಬಸ್ಸಿನ ಸಪ್ಪಳ ಮುಗದು ರಸ್ತೆ ಸುಮ್ಮನಾದಾಗ
ಕಾಗದದ ಮ್ಯಾಲ ಟಪ್ ಅಂತು.

ಹಿಂದ. ಬೆಲ್ ಹೌಸಿಂಗಿನ ತಳದಾಗ.
ಬ್ಯಾಟರಿ ಬಿಟ್ಟು ನೋಡಿದೆ:
ರಾಶಿಭವಿಷ್ಯದ ಪುಟ, ತುಲಾ ರಾಶಿ ಮ್ಯಾಲ
ಎಂಟಾಣೆಯಷ್ಟು ಹಸಿ.

ಗೇರ್‌ಬಾಕ್ಸ್ ಇಳಿಸಾಕ ಅರ್ಧಾ ದಿನ. ಕ್ಲಚ್ಚು. ಫ್ಲೈವೀಲು.
ಅದರ ಹಿಂದ ಬ್ಲಾಕಿನ ಬೆನ್ನಿಗೆ
ಬಟ್ಟಲದಂಥಾ ಡಮ್ಮಿ ಪ್ಲಗ್ಗು,
ಅಂಚಿಗೆ ತುಕ್ಕು, ತುಕ್ಕಿನ ಸುತ್ತ ಬಿಳೇ ಉಪ್ಪು.
ದಾರಿ ಮ್ಯಾಲಿನ ಬೋರಿನ ಸವಳ ನೀರು
ಎಷ್ಟ ಕುಡಿಸಿದ್ದಿ, ಎಲ್ಲಾ ಅಲ್ಲೇ ಲೆಕ್ಕಾ ಬರದಿಟ್ಟಿತ್ತು.
ನಿನ್ನ ಬೈಯಾಕ ಬಾಯಿ ತಗದೆ.
ಚಿಂದಿ ತಗೊಂಡು ಒರಸಿದೆ.

ನಡುವ ಪಂಚಿನ ಮೂರು ಚುಕ್ಕಿ.

ಆ ಚುಕ್ಕಿ ನಂದು.

ಹನ್ನೆರಡು ವರ್ಷ ಆತು. ಗದಗ, ಮುಳಗುಂದ ನಾಕಾ,
ದಾವಲಸಾಬ ಉಸ್ತಾದರ ಕೈಕೆಳಗ ಇದ್ದೆ.
ಗಾಡಿ ಆಗ ಬ್ಯಾರೇಯವರ ಹೆಸರಿನ್ಯಾಗ ಇತ್ತು.
ಉಸ್ತಾದರು ಜುಮ್ಮಾ ನಮಾಜಿಗೆ ಹೋಗಿದ್ರು,
ಮಾಲಕ ತಲಿ ಮ್ಯಾಲ ನಿಂತಿದ್ದ,
ಸರಿ ಅಳತಿ ಪ್ಲಗ್ಗು ಡಬ್ಬಿಯೊಳಗ ಇರಲಿಲ್ಲ.
ಕೂದಲೆಳಿಯಷ್ಟು ಸಣ್ಣದೊಂದು ಇತ್ತು.
ಶೆಲ್ಲಾಕ್ ಮೆತ್ತಿ ಬಡದು ಕೂಡಿಸಿ
ಮೂರ ಚುಕ್ಕಿ ಇಟ್ಟೆ, ಸಹಿ ಹಾಕಿದಂಗ.
ಹುಡುಗಬುದ್ಧಿ. ಹೆಮ್ಮಿ.
ಉಸ್ತಾದರು ಕೇಳಲಿಲ್ಲ, ನಾ ಹೇಳಲಿಲ್ಲ.

ಹೋಸೂ ಹೋಗಿತ್ತು, ಸೀಲೂ ಹೋಗಿತ್ತು, ಅದು ಸುಳ್ಳಲ್ಲ.
ಆದ್ರ ಮೂರು ಸಲ ನಾ ಮುಂದಿನಿಂದ ಹುಡುಕಿದೆ.

ಹೊಸಾದು ಹಿತ್ತಾಳಿದು, ಅಳತಿ ಹಿಡದು ಕೂಡಿಸೀನಿ.
ಚುಕ್ಕಿ ಇಟ್ಟಿಲ್ಲ.
ಕೂಲಂಟ್ ತುಂಬೀನಿ, ಇನ್ನ ಬೋರ ನೀರು ಮುಟ್ಟಿಸಬ್ಯಾಡ,
ಅರಿಷಿಣ ಅಂತೂ ಮನ್ಯಾಗ ಇರಲಿ.
ನಿನ್ನೆ ರಾತ್ರಿಯ ಪೇಪರು ಪೂರಾ ಒಣ.

ಹಳೇ ಪ್ಲಗ್ಗು ಇಲ್ಲೈತಿ, ಕೈಯಾಗ ಹಿಡದು ನೋಡು.
ಚಾ ಆರತೈತಿ, ಕುಡಿ.
ಬಿಲ್ ಪುಸ್ತಕ ಮುಂದಿಟಕೊಂಡು ಕುಂತೀನಿ.
ನಿನ್ನ ಹೆಸರು ಬರದೀನಿ, ಗಾಡಿ ನಂಬರು ಬರದೀನಿ,
ತಾರೀಖು ಬರದೀನಿ.
ಅದರ ಕೆಳಗಿನ ಗೆರಿ ಇನ್ನೂ ಖಾಲಿ ಐತಿ.